ನಲವತ್ತು ನಿಮಿಷದ ಅಕ್ಕ

ಅಕ್ಕ ಫೋನಿನಲ್ಲಿ "ನಲವತ್ತೇ ನಿಮಿಷ ಕಣೋ" ಎಂದು ಹೇಳದೇ ಇದ್ದಿದ್ದರೆ ಗಾಜಣ್ಣ ತನ್ನ ಪಾಡಿಗೆ ತಾನು ಗಾಜು ಕೊಯ್ದುಕೊಂಡು ನೆಲದ ಮೇಲೆ ಸುಖವಾಗಿ ಇರುತ್ತಿದ್ದ.

ಕಿಟಕಿಗೆ, ಕಪಾಟಿಗೆ, ಬಚ್ಚಲಮನೆಯ ಕನ್ನಡಿಗೆ ಅಳತೆ ನೋಡಿ ಗಾಜು ಕೂರಿಸುವುದು ಅವನ ಕಸುಬು. ಹುಟ್ಟಿದಾಗ ಇಟ್ಟ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ, ಹೆಂಡತಿಗೂ ಸ್ವಲ್ಪ ಅನುಮಾನ. ಅಂಗಡಿಯ ಬಾಗಿಲಲ್ಲಿ ನಿಂತರೆ ಎದುರಿಗೆ ದರ್ಜಿಯ ಅಂಗಡಿ, ಅದರ ಪಕ್ಕ ಔಷಧಿ ಅಂಗಡಿ, ಅವೆರಡರ ತಲೆಯ ಮೇಲೆ ಆಕಾಶಕ್ಕೆ ಒರಗಿ ನಿಂತ ಬೆಟ್ಟ. ಆ ಬೆಟ್ಟದ ಆಚೆ ಅಕ್ಕನ ಊರು. ಅಮ್ಮ ತೀರಿಕೊಂಡಾಗ ಗಾಜಣ್ಣ ಇನ್ನೂ ತೋಳಿನಲ್ಲಿ ಮೂಗು ಒರೆಸಿಕೊಳ್ಳುವ ವಯಸ್ಸಿನವನು. ಎರಡು ಜಡೆಯ ಅಕ್ಕನೇ ಅವನಿಗೆ ಉಣಿಸಿ, ಬೈದು, ಕಿವಿ ಹಿಂಡಿ ದೊಡ್ಡವನನ್ನಾಗಿ ಮಾಡಿದಳು. ಆಮೇಲೆ ಮದುವೆಯ ಗೋಜಿಗೇ ಹೋಗದೆ ಬೆಟ್ಟದಾಚೆಯ ಊರಿನ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸಕ್ಕೆ ಸೇರಿಕೊಂಡಳು.

ಅಲ್ಲಿಗೆ ಬಸ್ಸಿನಲ್ಲಿ ಒಂಬತ್ತು ಗಂಟೆ. ರಸ್ತೆ ಬೆಟ್ಟವನ್ನು ಸುತ್ತಿ ಸುತ್ತಿ ಹೋಗುತ್ತಿತ್ತು. ತಿರುವಿನಲ್ಲಿ ಅಕ್ಕನಿಗೆ ಹೊಟ್ಟೆ ತೊಳಸುತ್ತಿತ್ತು, ತಮ್ಮನಿಗೆ ಸೊಂಟ ಹಿಡಿಯುತ್ತಿತ್ತು. "ನೀನು ಬಾ" ಎಂದು ಅವಳು, "ನೀನೇ ಬಾ" ಎಂದು ಇವನು. ಹೀಗೆಯೇ ಏಳು ವರ್ಷ ಕಳೆದಿತ್ತು.

"ನಿಮ್ಮೂರಿಂದ ನಮ್ಮೂರಿಗೆ ವಿಮಾನ ಬಿಟ್ಟಿದ್ದಾರೆ ಕಣೋ," ಎಂದಿದ್ದಳು ಅಕ್ಕ ಆ ದಿನ. "ನಲವತ್ತೇ ನಿಮಿಷ."

ಗಾಜಣ್ಣ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ದೊಡ್ಡದೊಂದು ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದ. "ಯಾರೋ ನಿನ್ನ ತಲೆ ಸವರಿದ್ದಾರೆ ಅಕ್ಕಾ. ಒಂಬತ್ತು ಗಂಟೆ ದೂರದ ಊರು ನಲವತ್ತು ನಿಮಿಷಕ್ಕೆ ಹೇಗೆ ಬರುತ್ತೆ? ದಾರಿ ಏನು ರಬ್ಬರ್ರಾ?"

"ರಸ್ತೆ ಬೆಟ್ಟ ಸುತ್ತುತ್ತೆ, ವಿಮಾನ ನೆಟ್ಟಗೆ ಹೋಗುತ್ತೆ. ಮುನ್ನೂರು ಕಿಲೋಮೀಟರು ಅಂತೀವಲ್ಲ, ಗಾಳಿಯಲ್ಲಿ ಅದು ನೂರಿಪ್ಪತ್ತೇ ಅಂತೆ."

"ಅಷ್ಟು ಹತ್ತಿರ ಇದ್ರೆ ನೀನೇ ಬಾ."

"ನನ್ನ ಕೈಲಾಗಲ್ಲಪ್ಪ. ನೀರಿಗೆ ಬೇಕಾದ್ರೆ ನೂರು ಸಲ ಇಳೀತೀನಿ, ಗಾಳಿಗೆ ಮಾತ್ರ ಹತ್ತಲ್ಲ. ನೀನು ಗಂಡಸು, ನೀನು ಬಾ."

"ಅಂಗಡಿ ಯಾರು ನೋಡ್ಕೋತಾರೆ?"

"ಇಷ್ಟು ವರ್ಷ ಒಂಬತ್ತು ಗಂಟೆ ಅಂತ ನೆಪ ಇತ್ತು. ಈಗ ನಲವತ್ತು ನಿಮಿಷದಲ್ಲಿರೋ ಅಕ್ಕನೂ ಬೇಡವಾದ್ಲು. ಆಯ್ತು ಬಿಡು. ಇನ್ಮೇಲೆ ನಾನಾಗಿ ಫೋನ್ ಮಾಡಲ್ಲ."

ಫೋನು ಕಟ್ಟಾಯಿತು. ಗಾಜು ಗೆರೆಯನ್ನು ಬಿಟ್ಟು ಬೇರೆ ಕಡೆ ಸೀಳಿತು.

ಒಂದು ವಾರ ಅಕ್ಕನ ಫೋನಿಲ್ಲ. ಒಂದು ಸಂಜೆ ಯಾರಿಗೂ ಹೇಳದೆ ಹೋಗಿ ವಿಮಾನದ ಟಿಕೆಟ್ ತಂದ. ಅಕ್ಕನಿಗೂ ಹೇಳಲಿಲ್ಲ. ಬಾಗಿಲು ತಟ್ಟಿ, ಅವಳು ತೆಗೆದ ಕೂಡಲೇ "ನಲವತ್ತು ನಿಮಿಷ ಆಯ್ತು ನೋಡು" ಎನ್ನಬೇಕೆಂಬುದು ಅವನ ಯೋಜನೆ.

ಆದರೆ ಚೀಲ ತುಂಬುವಾಗ ಹೆಂಡತಿಗೆ ತಿಳಿದುಹೋಯಿತು, ಹೆಂಡತಿಗೆ ತಿಳಿದದ್ದು ಬೀದಿಗೆ ತಿಳಿಯದೇ ಇರುತ್ತದೆಯೇ? ಹೊರಡುವ ಬೆಳಿಗ್ಗೆ ದರ್ಜಿ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಒಳಗೆ ಬಂದ.

"ಚೀಲ ಎಷ್ಟು ಭಾರ ಇದೆ? ವಿಮಾನದಲ್ಲಿ ತೂಕ ಹಾಕ್ತಾರೆ ಗಾಜಣ್ಣ. ಹೆಚ್ಚಾದ್ರೆ ಇಳಿಸಿಬಿಡ್ತಾರೆ. ಆದ್ರೆ ಮೈಮೇಲೆ ಹಾಕ್ಕೊಂಡಿರೋದನ್ನ ತೂಕ ಹಾಕಲ್ಲ. ಮೂರೂ ಅಂಗಿ ಮೈಮೇಲೆ ಹಾಕ್ಕೊಂಡುಬಿಡಿ."

"ಬೇಯ್ತೀನಲ್ಲಪ್ಪ?"

"ಮೇಲೆ ಚಳಿ. ಯಾರನ್ನ ಬೇಕಾದ್ರೂ ಕೇಳಿ." ದರ್ಜಿ ಜೀವಮಾನದಲ್ಲಿ ಏಣಿಗಿಂತ ಮೇಲೆ ಹೋದವನಲ್ಲ.

ಔಷಧಿ ಅಂಗಡಿಯಮ್ಮ ಹತ್ತಿಯ ಸುರುಳಿ ಹಿಡಿದು ಬಂದರು. "ಕಿವಿಗೆ ಗಟ್ಟಿಯಾಗಿ ತುಂಬ್ಕೊಳಿ. ಇಲ್ದಿದ್ರೆ ಮೇಲೆ ಹೋಗ್ತಿದ್ದ ಹಾಗೆ ಕಿವಿ ಪಟ್ ಅನ್ನುತ್ತೆ." ತಾವೇ ನಿಂತು ತುರುಕಿದರು. ಅಲ್ಲಿಂದ ಮುಂದೆ ಬೀದಿಯವರು ಹೇಳಿದ ಬುದ್ಧಿವಾದವೆಲ್ಲ ಗಾಜಣ್ಣನಿಗೆ ಬಾಯಿಗಳ ಅಲುಗಾಟವಾಗಿ ಮಾತ್ರ ಕಂಡಿತು.

"ರೀ, ಇಳಿದ ತಕ್ಷಣ ಫೋನ್ ಆನ್ ಮಾಡಿ!" ಎಂದು ಹೆಂಡತಿ ಕೂಗಿದಳು. ಅವನು ಅವಳು ಅಳುತ್ತಿದ್ದಾಳೆಂದು ತಿಳಿದು ಕಣ್ಣು ಒರೆಸಿಕೊಂಡ.

ವಿಮಾನ ನಿಲ್ದಾಣವೆಂದರೆ ಊರಾಚೆಯ ಬಯಲಿನಲ್ಲಿ ಹೊಸದಾಗಿ ಕಟ್ಟಿದ ಒಂದು ಉದ್ದನೆಯ ಕಟ್ಟಡ. ಒಳಗೆ ತಪಾಸಣೆಯ ಕಮಾನಿನಡಿ ಗಾಜಣ್ಣ ಕಾಲಿಟ್ಟದ್ದೇ ತಡ, ಅದು ಕಿರುಚಿಕೊಂಡಿತು. ಕಾವಲಿನವನು ಏನೋ ಕೇಳಿದ. ಹತ್ತಿಯೊಳಗಿಂದ ಗಾಜಣ್ಣ ನಗುತ್ತಾ ತಲೆಯಾಡಿಸಿದ. ಕಾವಲಿನವನು ಅಂಗಿ ಮುಟ್ಟಿ ನೋಡಿದ, ಅದರ ಕೆಳಗೆ ಇನ್ನೊಂದು ಅಂಗಿ. ಅದನ್ನು ಮುಟ್ಟಿದ, ಅದರ ಕೆಳಗೆ ಮತ್ತೊಂದು. ಅವನ ಮುಖ ಬಿಗಿಯಿತು. ಸಾಲಿನಲ್ಲಿದ್ದವರೆಲ್ಲ ಕುತ್ತಿಗೆ ಚಾಚಿ ನೋಡುತ್ತಿದ್ದಂತೆ ಗಾಜಣ್ಣ ಈರುಳ್ಳಿ ಸುಲಿದ ಹಾಗೆ ಒಂದೊಂದೇ ಅಂಗಿ ಬಿಚ್ಚಬೇಕಾಯಿತು. ಕಟ್ಟಕಡೆಯ ಅಂಗಿಯ ಜೇಬಿನಲ್ಲಿ ಗಾಜು ಕೊಯ್ಯುವ ಕಟ್ಟರ್ ಸಿಕ್ಕಿತು. ಎಲ್ಲಿಗೆ ಹೋಗುವಾಗಲೂ ಅದು ಅವನ ಜೇಬಿನಲ್ಲಿ ಇರಲೇಬೇಕು, ಬೇರೆಯವರಿಗೆ ಪೆನ್ನು ಇದ್ದ ಹಾಗೆ.

"ಇದರಿಂದ ಏನು ಮಾಡ್ತೀರಿ?" ಎಂದು ಕಾವಲಿನವನು ಅವನ ಒಂದು ಕಿವಿಯ ಹತ್ತಿ ಕಿತ್ತು ಕೇಳಿದ.

"ಕಿಟಕಿ ಕೊಯ್ತೀನಿ ಸ್ವಾಮಿ," ಎಂದ ಗಾಜಣ್ಣ ಪ್ರಾಮಾಣಿಕವಾಗಿ.

ಕಟ್ಟರ್ ಅಲ್ಲೇ ಉಳಿಯಿತು. ಗಾಜಣ್ಣನನ್ನು ಮೇಲಿನವರೊಬ್ಬರು ಬಂದು ನೋಡಿ, ಮಾತಾಡಿಸಿ, ಇವನಿಂದ ವಿಮಾನಕ್ಕಾಗಲಿ ಭೂಮಿಗಾಗಲಿ ಅಪಾಯವಿಲ್ಲವೆಂದು ತೀರ್ಮಾನಿಸಿ ಬಿಟ್ಟರು.

ವಿಮಾನ ಚಿಕ್ಕದು. ಎರಡು ಪಕ್ಕದಲ್ಲೂ ತಿರುಗುವ ಫ್ಯಾನು. ಗಾಜಣ್ಣನದು ರೆಕ್ಕೆಯ ಹಿಂದೆ, ಎಡಗಡೆಯ ಕಿಟಕಿ. ಫೋನು ಆಫ್ ಮಾಡಿಸಿದರು, ಬೆಲ್ಟು ಕಟ್ಟಿಸಿದರು. ವಿಮಾನ ಓಡತೊಡಗಿದಾಗ ಅವನು ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡ. ಕುರ್ಚಿ ಬೆನ್ನಿಗೆ ಒತ್ತಿತು. ಗಡಗಡ ಸದ್ದು ಜೋರಾಗುತ್ತಾ ಜೋರಾಗುತ್ತಾ ಬಂದು ತಟ್ಟನೆ ನಿಂತಿತು. ಯಾರೋ ಕೆಳಗಿನಿಂದ ಭೂಮಿಯನ್ನು ಮೆಲ್ಲನೆ ಎಳೆದುಕೊಂಡರು.

"ಅಮ್ಮಾ!" ಎಂದ ಗಾಜಣ್ಣ.

ಕಟ್ಟಡ ಬೆಂಕಿಪೊಟ್ಟಣವಾಯಿತು. ಬಯಲು ಟವೆಲ್ಲಾಯಿತು. ವಿಮಾನ ಒಂದು ಪಕ್ಕಕ್ಕೆ ವಾಲಿ ತಿರುಗಿದಾಗ ಅವನ ಇಡೀ ಊರು ಕಿಟಕಿಯೊಳಕ್ಕೆ ಬಂತು. ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಅಲ್ಲೊಂದು ಇಲ್ಲೊಂದು ಕಿಟಕಿ ಮಿಂಚಿತು, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲದಷ್ಟು. ಆಸ್ಪತ್ರೆಯ ಸಾಲುಕಿಟಕಿ, ಶಾಲೆಯ ಮೇಲ್ಮಹಡಿ, ಯಾರ್‍ಯಾರದೋ ಅಡುಗೆಮನೆ. ಅರ್ಧಕ್ಕರ್ಧ ತಾನೇ ಕೂರಿಸಿದ ಗಾಜುಗಳು. ಏಣಿಯ ಮೇಲೆ ನಿಂತು, ಬೆರಳು ಕೊಯ್ದುಕೊಂಡು, ಬಿಸಿಲಲ್ಲಿ ಬೆಂದು ಕೂರಿಸಿದವು, ಮೇಲಿನಿಂದ ನೋಡಿದರೆ ಹೀಗೆ ಹೊಳೆಯುತ್ತಿದ್ದವೆಂದು ಇಷ್ಟು ವರ್ಷ ಯಾರೂ ಅವನಿಗೆ ಹೇಳಿರಲಿಲ್ಲ. ಗಾಜಣ್ಣನ ಕಣ್ಣು ಮಂಜಾಯಿತು. ಒರೆಸಿಕೊಂಡು ಮತ್ತೆ ಮುಖವನ್ನು ಕಿಟಕಿಗೆ ತಂದಾಗ ಒಳಗಾಜಿನ ಕೆಳತುದಿಯಲ್ಲಿ ಸೂಜಿ ತೂರುವಷ್ಟು ಸಣ್ಣ ತೂತು ಕಂಡಿತು.

ಎದೆ ಝಲ್ಲೆಂದಿತು. ಕಸುಬುದಾರನ ಬುದ್ಧಿ ತಡಮಾಡಲಿಲ್ಲ. ಉಳಿದ ಕಿವಿಯ ಹತ್ತಿ ಕಿತ್ತು, ಬತ್ತಿ ಹೊಸೆದು, ತೂತಿಗೆ ತುರುಕಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂಗಿದ: "ಯಾರೂ ಗಾಬರಿ ಆಗಬೇಡಿ! ನಾನು ಹಿಡ್ಕೊಂಡಿದ್ದೀನಿ!"

ಅಲ್ಲಿಯವರೆಗೆ ಯಾರೂ ಗಾಬರಿಯಾಗಿರಲಿಲ್ಲ. ಈಗ ಎಲ್ಲರೂ ಆದರು. ಮುಂದಿನ ಸೀಟಿನವರು ಎದ್ದುನಿಂತರು, ಹಿಂದೆ ಒಂದು ಮಗು ಅಳತೊಡಗಿತು. ಗಗನಸಖಿ ಓಡಿ ಬಂದಳು.

"ತಾಯೀ, ನಿಮ್ಮ ಕಿಟಕಿ ತೂತಾಗಿದೆ. ಇಳಿಯೋವರೆಗೂ ನಾನು ಬೆರಳು ತೆಗೆಯಲ್ಲ, ಡ್ರೈವರ್ ಸಾಹೇಬ್ರಿಗೆ ನಿಶ್ಚಿಂತೆಯಾಗಿ ಓಡಿಸೋಕೆ ಹೇಳಿ."

ಆ ಹುಡುಗಿ ನಗು ತಡೆದುಕೊಂಡಳು. "ಸರ್, ಅದು ಬೇಕೂಂತಲೇ ಇಟ್ಟಿರೋ ತೂತು. ಒಂದರ ಹಿಂದೆ ಒಂದು ಗಾಜು ಇದೆ ನೋಡಿ, ನಡುವಿನ ಗಾಳಿಗೆ ಹೋಗೋಕೆ ಬರೋಕೆ ದಾರಿ ಬೇಕು. ಆಗ ಹೊರಗಿನ ಗಾಜೇ ಭಾರ ಹೊತ್ಕೊಳ್ಳುತ್ತೆ, ಒಳಗಿನದಕ್ಕೆ ಏಟು ಬೀಳಲ್ಲ."

ಗಾಜಣ್ಣ ಬೆರಳು ತೆಗೆದ. ಗಾಜು ಒಡೆಯದಿರಲಿ ಅಂತ ಗಾಜಿಗೆ ತೂತು! ಒಂದು ಗಾಜು ಇನ್ನೊಂದರ ಭಾರ ಹೊರುವುದು! ಸುತ್ತಲಿನವರು ಮುಸಿಮುಸಿ ನಗುತ್ತಿದ್ದುದು ಅವನ ಕಿವಿಗೆ ಬೀಳಲಿಲ್ಲ. ಆ ತೂತನ್ನೇ ದೇವರ ಮುಂದೆ ಕೂತವನಂತೆ ನೋಡುತ್ತಾ ಕೂತ.

ಆಮೇಲೆ ತಲೆಯೆತ್ತಿದರೆ ಬೆಟ್ಟ.

ಹುಟ್ಟಿದಾಗಿನಿಂದ ಅಂಗಡಿಯ ಬಾಗಿಲಲ್ಲಿ ಗೋಡೆಯಂತೆ ನಿಂತಿದ್ದ ಬೆಟ್ಟ ಈಗ ಕೆಳಗೆ ಮಲಗಿತ್ತು. ಅದಕ್ಕೊಂದು ಬೆನ್ನಿತ್ತು! ಬೆನ್ನಿನ ಮೇಲೆ ಕಾಡು, ಕಾಡಿನೊಳಗೆ ಯಾರೂ ಇಳಿದಿರದ ಒಂದು ಕೆರೆ, ಅದರಾಚೆ ಇನ್ನೊಂದು ಬೆಟ್ಟ, ಅದಕ್ಕೂ ಒಂದು ಬೆನ್ನು. ಮೋಡದ ನೆರಳುಗಳು ಕುರಿಹಿಂಡಿನಂತೆ ಇಳಿಜಾರಿನಲ್ಲಿ ಮೇಯುತ್ತಿದ್ದವು. ಅವುಗಳ ನಡುವೆ ಒಂದು ಪುಟ್ಟ ನೆರಳು ಮಾತ್ರ ಅವಸರದಲ್ಲಿ ಓಡುತ್ತಿತ್ತು. ಅದು ತಾನೇ, ತಾನು ಕೂತ ವಿಮಾನ ಎಂದು ತಿಳಿದಾಗ ಅವನ ಮೈ ಜುಮ್ಮೆಂದಿತು. ಬದಿಯಲ್ಲಿ ಸಿಕ್ಕುಗಟ್ಟಿದ ದಾರದಂತೆ ಬಸ್ಸಿನ ರಸ್ತೆ ಬಿದ್ದಿತ್ತು. ಎರಡು ಊರುಗಳ ನಡುವೆ ಇದ್ದದ್ದು ಇಷ್ಟೇ. ಒಂದು ಬೆಟ್ಟ, ಅದರ ಬೆನ್ನು, ಒಂದು ಕೆರೆ. ಇದಕ್ಕಾಗಿ ಏಳು ವರ್ಷ ಅಕ್ಕನ ಮುಖ ನೋಡದೆ ಕೂತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಮೇಲೆ ಮತ್ತೆ ಬೆರಗು ಬಂದು ಕೂತಿತು.

ಇಳಿದಾಗಲೂ ಆ ಬೆರಗು ಇಳಿಯಲಿಲ್ಲ. ನಿಲ್ದಾಣದಿಂದ ಹೊರಗೆ ಬಂದವನು ಟ್ಯಾಕ್ಸಿ ಹುಡುಕುವ ಬದಲು ಬೇಲಿಗೆ ಮುಖವಿಟ್ಟು ನಿಂತ. ತಾನು ಬಂದ ವಿಮಾನ ಬೇರೆ ಜನರನ್ನು ಹತ್ತಿಸಿಕೊಂಡು ತನ್ನ ಊರಿನ ಕಡೆಗೆ ಮರಳಿ ಏರುವುದನ್ನು ನೋಡಬೇಕಿತ್ತು. ಏರಿತು. ಗಾಜಣ್ಣ ಎರಡೂ ಕೈ ಬೀಸಿ, "ಹೋಗಿ ಬನ್ನಿ, ಹೋಗಿ ಬನ್ನಿ!" ಎಂದು ಗುರುತಿಲ್ಲದ ಆ ಪುಣ್ಯವಂತರನ್ನು ಬೀಳ್ಕೊಟ್ಟ.

ದಾರಿ ಕೇಳಿಕೊಂಡು ಎರಡು ಗಂಟೆ ಅಲೆದು ಮುಟ್ಟಿದರೆ ಅಕ್ಕನ ಮನೆಗೆ ಬೀಗ ಹಾಕಿತ್ತು.

ಪಕ್ಕದ ಮನೆಯಾಕೆ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದರು. "ಈಜು ಮೇಡಂ ಬೇಕಾ? ಇಲ್ವಲ್ಲ. ಬೆಳಿಗ್ಗೆ ವಿಮಾನಕ್ಕೆ ಹೋದ್ರು. ತಮ್ಮನ ಮನೆಗೆ. ಹೇಳದೇ ಹೋಗಿ ಬೆಚ್ಚಿ ಬೀಳಿಸ್ತೀನಿ ಅಂತಿದ್ರು. ನೀವ್ಯಾರು?"

"ನಾನೇ," ಎಂದ ಗಾಜಣ್ಣ, "ಬೆಚ್ಚಿ ಬಿದ್ದವನು."

ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಫೋನು ಆನ್ ಮಾಡಿದ. ಹೆಂಡತಿ ಕರೆದಿದ್ದಳು, ದರ್ಜಿ ಕರೆದಿದ್ದ, ಅಕ್ಕ ಕರೆದಿದ್ದಳು, ಮತ್ತೆ ಹೆಂಡತಿ ಕರೆದಿದ್ದಳು. ಮನೆಗೆ ಫೋನು ಮಾಡಿದರೆ ಎತ್ತಿದ್ದು ಅಕ್ಕನೇ.

"ಲೋ! ನಮ್ಮನೆ ಬಾಗಿಲಲ್ಲಿ ನಿನಗೇನೋ ಕೆಲಸ?"

"ನಮ್ಮನೇಲಿ ನಿನಗೇನಕ್ಕಾ ಕೆಲಸ? ಗಾಳಿಗೆ ಹತ್ತಲ್ಲ ಅಂದಿದ್ಯಲ್ಲ?"

"ಬರಲ್ಲ ಅಂದಿದ್ಯಲ್ಲ ನೀನು? ಯಾವನೋ ಬೇಲಿ ಹತ್ರ ನಿಂತು ಹುಚ್ಚನ ಹಾಗೆ ಕೈ ಬೀಸ್ತಿದ್ದ, ಪಾಪ ಅಂತ ನಾನೂ ಕೈ ಬೀಸಿದೆ. ನೀನೇ ಏನೋ ಅದು?"

ಗಾಜಣ್ಣ ಒಪ್ಪಿಕೊಳ್ಳಲಿಲ್ಲ, ಅಲ್ಲ ಎನ್ನಲೂ ಇಲ್ಲ. ತಗ್ಗಿದ ದನಿಯಲ್ಲಿ ಕೇಳಿದ: "ಅಕ್ಕಾ, ಬೆಟ್ಟದ ಬೆನ್ನು ನೋಡಿದ್ಯಾ?"

ಅಕ್ಕನ ದನಿಯೂ ತಗ್ಗಿತು. "ನೋಡಿದೆ ಕಣೋ. ಆ ಕೆರೆ ನೋಡಿದ್ಯಾ? ಅಷ್ಟು ದೊಡ್ಡ ಕೆರೆ, ಮೇಲಿಂದ ಅಂಗೈಯಲ್ಲಿ ಹಿಡಿಯೋ ಹಾಗಿತ್ತು. ಎಷ್ಟು ಆಳ ಇದೆಯೋ ಅನ್ನಿಸ್ತು. ನನಗೆ ಅಳು ಬಂದುಬಿಡ್ತು."

"ನನಗೂ."

ಇಬ್ಬರೂ ಕಣ್ಣು ಒರೆಸಿಕೊಂಡರು. ಅಷ್ಟರಲ್ಲಿ ಅಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. "ಅಂಗಿ ಬಿಚ್ಚಿಸಿದ್ರಾ ಕೇಳಿ" ಎಂದು ದರ್ಜಿ, "ಕಿವಿ ಹೇಗಿದೆ ಕೇಳಿ" ಎಂದು ಔಷಧಿ ಅಂಗಡಿಯಮ್ಮ. ಆ ಗಲಾಟೆಯ ನಡುವೆ ತಮ್ಮ ಕೂಗಿದ: "ನೀನು ಅಲ್ಲೇ ಇರು, ಸಾಯಂಕಾಲದ ವಿಮಾನಕ್ಕೆ ನಾನೇ ಬರ್ತೀನಿ!" ಅದೇ ಗಳಿಗೆಯಲ್ಲಿ ಅಕ್ಕ ಕೂಗಿದಳು: "ನೀನು ಅಲ್ಲೇ ಇರು, ಸಾಯಂಕಾಲದ ವಿಮಾನಕ್ಕೆ ನಾನೇ ಬರ್ತೀನಿ!"

"ಆಯ್ತಾ?" ಎಂದ ತಮ್ಮ.

"ಆಯ್ತು!" ಎಂದಳು ಅಕ್ಕ.

ಏಳು ವರ್ಷದಲ್ಲಿ ಮೊದಲ ಸಲ ತನ್ನ ಮಾತು ನಡೆಯಿತೆಂಬ ತೃಪ್ತಿಯಲ್ಲಿ ಇಬ್ಬರೂ ಫೋನಿಟ್ಟರು.

ಸಾಯಂಕಾಲದ ವಿಮಾನದಲ್ಲಿ ಉಳಿದಿದ್ದದ್ದು ಒಂದೇ ಒಂದು ಸೀಟು. ರೆಕ್ಕೆಯ ಹಿಂದೆ, ಎಡಗಡೆಯ ಕಿಟಕಿ. ತನ್ನ ಅದೃಷ್ಟಕ್ಕೆ ತಾನೇ ಬೆರಗಾಗಿ ಗಾಜಣ್ಣ ತಪಾಸಣೆ ಮುಗಿಸಿ ಒಳಗೆ ಕೂತ. ಹೊರಡುವವರು ಕಾಯುವ ಕೋಣೆಗೂ ಬಂದವರು ಹೊರಹೋಗುವ ದಾರಿಗೂ ನಡುವೆ ನೆಲದಿಂದ ಸೂರಿನವರೆಗೆ ಒಂದೇ ಗಾಜಿನ ಗೋಡೆ. ವಿಮಾನ ಬಂತು. ಬಂದವರು ಒಬ್ಬೊಬ್ಬರಾಗಿ ಗೋಡೆಯಾಚೆ ನಡೆದು ಹೋದರು. ಕೊನೆಯಲ್ಲಿ ಒಬ್ಬ ಹೆಂಗಸು, ನೆಲ ನೋಡದೆ ಇನ್ನೂ ಆಕಾಶವನ್ನೇ ತಿರುತಿರುಗಿ ನೋಡುತ್ತಾ ಎಡವುತ್ತಾ ಬಂದಳು.

"ಅಕ್ಕಾ!"

ಗಾಜು ದಪ್ಪ. ಸದ್ದು ದಾಟಲಿಲ್ಲ. ಅವನು ಬಡಿದ. ಅವಳು ತಿರುಗಿದಳು. ಅವಳ ಬಾಯಿ "ಲೋ" ಎಂದು ತೆರೆದದ್ದು ಕಂಡಿತು, ಕೇಳಲಿಲ್ಲ. ತಲೆಯಲ್ಲಿ ಬಿಳಿಕೂದಲು ಬಂದಿತ್ತು. ಅವನಿಗೆ ಹೊಟ್ಟೆ ಬಂದಿತ್ತು. ಇಬ್ಬರೂ ಗಾಜಿಗೆ ಅಂಗೈ ಒತ್ತಿ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಎಷ್ಟೋ ಹೊತ್ತಿನ ಮೇಲೆ ಅಕ್ಕ ವಿಮಾನದ ಕಡೆಗೆ ಬೆರಳು ತೋರಿಸಿ "ಹೋಗ್ತಿದ್ದೀಯಾ?" ಎಂದು ಕೈಯಾಡಿಸಿದಳು. ಗಾಜಣ್ಣ "ಇಲ್ಲ, ನಾನು ಅಲ್ಲಿಗೆ ಬರ್ತೀನಿ" ಎಂದು ಎರಡೂ ಕೈಯನ್ನು ಹಾರಿಸಿ ಸನ್ನೆ ಮಾಡಿದ. ಅಕ್ಕನಿಗೆ ಅರ್ಥವಾಯಿತು. ತಲೆಯಾಡಿಸಿ ಓಡಿದಳು.

ಗಾಜಣ್ಣನೂ ಅಲ್ಲಿನ ಕಾವಲಿನವನ ಬಳಿಗೆ ಓಡಿದ. "ಸ್ವಾಮಿ, ನನ್ನನ್ನ ಹೊರಗೆ ಬಿಡಿ."

"ಒಳಗೆ ಬಂದವರು ಹಾಗೆಲ್ಲ ಹೊರಗೆ ಹೋಗೋ ಹಾಗಿಲ್ಲ ಸರ್. ವಿಮಾನ ಹತ್ತಲೇಬೇಕು."

"ಏಳು ವರ್ಷದ ಮೇಲೆ ಅಕ್ಕನ ಮುಖ ನೋಡಿದೆ, ಅದೂ ಗಾಜಿನಲ್ಲಿ. ನನ್ನ ಸೀಟು ಯಾರಿಗಾದ್ರೂ ಕೊಟ್ಟುಬಿಡಿ. ಕಾಲು ಹಿಡೀತೀನಿ."

ನಿಜವಾಗಿಯೂ ಹಿಡಿಯಲು ಬಗ್ಗಿದ. ಕಾವಲಿನವನು ಗಾಬರಿಯಾಗಿ ಮೇಲಿನವರನ್ನು ಕರೆದ. ಅವರು ಇನ್ನೊಬ್ಬರನ್ನು ಕೇಳಿದರು. ಗಾಜಣ್ಣನ ಹೆಸರು ಹೊಡೆದುಹಾಕಿ, ಚೀಲ ಇಳಿಸಿ, ಹಿಂಬಾಗಿಲಿನಿಂದ ಕಟ್ಟಡವನ್ನು ಅರ್ಧ ಸುತ್ತಿಸಿ ಅವನನ್ನು ಹೊರಗೆ ತಂದುಬಿಟ್ಟರು. ಕಾವಲಿನವನ ಕಣ್ಣಲ್ಲೂ ನೀರಿತ್ತು.

ಹೊರಗೆ ಅಕ್ಕ ಇರಲಿಲ್ಲ. ಬಾಗಿಲಲ್ಲಿ ಇಲ್ಲ, ಬೆಂಚಿನಲ್ಲಿ ಇಲ್ಲ, ಟ್ಯಾಕ್ಸಿಗಳ ಹತ್ತಿರವೂ ಇಲ್ಲ. ಟಿಕೆಟ್ ಕೊಡುವ ಕಿಟಕಿಗೆ ಹೋಗಿ ಕೇಳಿದ.

"ಬಿಳಿಕೂದಲಿನ ಒಬ್ಬ ಅಮ್ಮ?" ಎಂದು ಅಲ್ಲಿದ್ದ ಗುಮಾಸ್ತ ಮುಖ ಅರಳಿಸಿದ. "ಅವರ ಪುಣ್ಯ ನೋಡಿ ಸರ್! ತಮ್ಮ ಈ ವಿಮಾನದಲ್ಲಿ ಹೋಗ್ತಿದ್ದಾನೆ, ನಾನೂ ಹೋಗಲೇಬೇಕು ಅಂತ ಅಳ್ತಾ ನಿಂತಿದ್ರು. ಸೀಟೇ ಇರಲಿಲ್ಲ. ಅಷ್ಟರಲ್ಲಿ ಯಾರೋ ಮಹಾನುಭಾವ ಕೊನೇ ಗಳಿಗೆಯಲ್ಲಿ ಬೇಡ ಅಂದ್ರಂತೆ. ಓಡಿಸಿಕೊಂಡು ಹೋಗಿ ಹತ್ತಿಸಿದ್ವಿ."

ಗಾಜಣ್ಣ ಕಕ್ಕಾಬಿಕ್ಕಿಯಾಗಿ ನಿಂತಿದ್ದಂತೆ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಲೋ, ಎಲ್ಲಿ ಕೂತಿದ್ದೀಯೋ? ಮುಂದಿಂದ ಹಿಂದಿನವರೆಗೆ ಎರಡು ಸಲ ಹುಡುಕಿದೆ. ಆ ಹುಡುಗಿ ಗದರಿಸಿ ಕೂರಿಸಿದ್ಲು. ನಿನ್ನ ಸೀಟು ಯಾವುದೋ?"

"ಅಕ್ಕಾ," ಎಂದ ಗಾಜಣ್ಣ, "ನೀನು ರೆಕ್ಕೆ ಹಿಂದೆ, ಎಡಗಡೆ ಕಿಟಕಿ ಪಕ್ಕ ಕೂತಿದ್ದೀಯಾ?"

"ಹೂಂ. ನಿನಗೆ ಹೇಗೋ ಗೊತ್ತು?"

"ಅದೇ ಅಕ್ಕಾ ನನ್ನ ಸೀಟು."

ಅತ್ತ ಕಡೆ ಎಂಜಿನ್ನಿನ ಮೊರೆತ ಏರತೊಡಗಿತು. ಈಗ ಬೈಗುಳ ಬರುತ್ತದೆ ಎಂದು ಗಾಜಣ್ಣ ಕಣ್ಣು ಮುಚ್ಚಿ ಕಾದ. ಬರಲಿಲ್ಲ. ಬಂದದ್ದು, ಎರಡು ಜಡೆಯ ಹುಡುಗಿಯದೇ ಎನ್ನುವಂಥ ಒಂದು ಪುಟ್ಟ ದನಿ.

"ಲೋ... ಮತ್ತೆ ನೆಲ ಬಿಡ್ತು ಕಣೋ... ಸಂಜೆ ಬಿಸಿಲಲ್ಲಿ ಹೇಗೆ ಕಾಣ್ತಿದೆ ಗೊತ್ತಾ..."

ಫೋನು ಕಟ್ಟಾಯಿತು. ಗಾಜಣ್ಣ ತಲೆಯೆತ್ತಿದ. ವಿಮಾನ ಚಿನ್ನದ ಬಣ್ಣಕ್ಕೆ ತಿರುಗಿ ಬೆಟ್ಟದ ಬೆನ್ನಿನ ಮೇಲೆ ಏರುತ್ತಿತ್ತು. ಅಳಬೇಕೆಂದುಕೊಂಡವನು ಬಾಯಿ ತೆರೆದು ನೋಡುತ್ತಲೇ ನಿಂತುಬಿಟ್ಟ.